ದೇವರಾಜ ಅರಸು ಮತ್ತು ಮೂರೂಮುಕ್ಕಾಲು ರೂಪಾಯಿ ಬಡ್ಡಿ

2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾಯಿತು. ಅದು ಬ್ಯಾಂಕಿನ ಚಿನ್ನವಲ್ಲ. ಸುತ್ತಲಿನ ಹಳ್ಳಿಗಳವರು ಬೀಜ, ಗೊಬ್ಬರ, ಮದುವೆ, ಆಸ್ಪತ್ರೆ ಅಂತ ಅಡವಿಟ್ಟ ಸರ, ಬಳೆ, ಓಲೆ. ಐದು ತಿಂಗಳಾದ ಮೇಲೆ ಅದರಲ್ಲಿ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ ಸಿಕ್ಕಿತು. ಪೊಲೀಸರು ಹೇಳಿದ ಕಾರಣ ಇನ್ನೂ ವಿಚಿತ್ರ. ಪ್ರಮುಖ ಆರೋಪಿ ಸಾಲಕ್ಕೆ ಅರ್ಜಿ ಹಾಕಿದ್ದ, ಬ್ಯಾಂಕ್ ತಿರಸ್ಕರಿಸಿತ್ತು, ಅಲ್ಲಿಂದ ಈ ಯೋಚನೆ ಹುಟ್ಟಿತಂತೆ.

ಸುದ್ದಿಯನ್ನು ನಾವೆಲ್ಲ ವೆಬ್ ಸರಣಿಯ ಹಾಗೆ ನೋಡಿದೆವು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಕಳ್ಳರಲ್ಲ, ಆ ಅಡವಿನ ಚೀಟಿ ಹಿಡಿದು ಬ್ಯಾಂಕಿನ ಮುಂದೆ ನಿಂತಿದ್ದ ಜನ. ಯಾಕೆಂದರೆ ಸುಮಾರು ಐವತ್ತು ವರ್ಷದ ಹಿಂದೆ ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಚೀಟಿ ಹಿಡಿದ ಜನ ಇನ್ನೊಂದು ಬಗೆಯ ಬಾಗಿಲ ಮುಂದೆ ನಿಂತಿದ್ದರು. ಆಗ ಒಬ್ಬ ಮುಖ್ಯಮಂತ್ರಿ ಒಂದು ಕಾಯ್ದೆ ತಂದು, ಆ ಒಡವೆಗಳನ್ನು ಹಾಗೇ ವಾಪಸ್ ಕೊಡಿ, ಸಾಲವೂ ಇಲ್ಲ ಬಡ್ಡಿಯೂ ಇಲ್ಲ ಎಂದಿದ್ದರು. ಕರ್ನಾಟಕ ಋಣ ಪರಿಹಾರ ಕಾಯ್ದೆ, 1976. ತಂದವರು ದೇವರಾಜ ಅರಸು.

ಅರಸು ಅಂದ ಕೂಡಲೇ ನಮ್ಮ ತಲೆಮಾರಿಗೆ ಎರಡು ಮಾತು ನೆನಪಾಗುತ್ತವೆ: ಉಳುವವನಿಗೆ ಭೂಮಿ, ಹಾವನೂರು ಆಯೋಗ. ಆಗಸ್ಟ್ 20ಕ್ಕೆ ಹಾರ ಹಾಕುವಾಗಲೂ ಅವೆರಡನ್ನೇ ಹೇಳುತ್ತಾರೆ. ಮೂರನೆಯದನ್ನು ಯಾರೂ ಹೇಳಲ್ಲ. ನನಗೆ ಈ ಹೊತ್ತು ಆ ಮೂರನೆಯದೇ ಬೇಕಾಗಿದೆ.

ಮೊದಲು ಮನುಷ್ಯನ ಬಗ್ಗೆ. 1915ರಲ್ಲಿ ಹುಟ್ಟಿದ್ದು. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಹೆಸರಿನಲ್ಲಿ ಅರಸು ಇದ್ದರೂ ಅರಮನೆಯ ಬದುಕೇನೂ ಅಲ್ಲ. ಅರಸು ಸಮುದಾಯ ಎಷ್ಟು ಚಿಕ್ಕದು ಅಂದರೆ, ಜಾತಿ ಲೆಕ್ಕ ಹಾಕಿ ಟಿಕೆಟ್ ಕೊಡುವ ಇವತ್ತಿನ ಯಾವ ಪಕ್ಷದಲ್ಲೂ ಅವರಿಗೆ ಮುಖ್ಯಮಂತ್ರಿ ಪಟ್ಟದ ಹತ್ತಿರ ಸುಳಿಯಲೂ ಆಗುತ್ತಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದರು. ಆಮೇಲೆ ನೌಕರಿ ಹುಡುಕದೆ ಊರಿಗೆ ಹೋಗಿ ಬೇಸಾಯಕ್ಕೆ ಇಳಿದರು. ಕುಸ್ತಿಯ ಹುಚ್ಚಿತ್ತು. ಮುಂದೆ ಪೈಪ್ ಸೇದುವ ಚಟವೂ ಅಂಟಿತು. ಅವರ ಫೋಟೋಗಳಲ್ಲಿ ನಮಗೆ ಕಾಣುವುದು ಆ ಪೈಪ್.

ಬೇಸಾಯಕ್ಕೆ ಇಳಿದ ವಿಜ್ಞಾನ ಪದವೀಧರ ಅನ್ನುವುದನ್ನು ಸುಮ್ಮನೆ ದಾಟಿಬಿಡಬಾರದು ಅನ್ನಿಸುತ್ತದೆ. ಸಾಲ ಅಂದರೆ ಏನು ಅಂತ ಹೊಲದಲ್ಲಿ ನಿಂತವನಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಮಳೆ ಬರುವ ಮೊದಲು ದುಡ್ಡು ಬೇಕು, ಬೆಳೆ ಬಂದ ಮೇಲೆ ದುಡ್ಡು ಬರುತ್ತದೆ. ಈ ನಾಲ್ಕೈದು ತಿಂಗಳ ಅಂತರದಲ್ಲೇ ಸಾಹುಕಾರ ಬದುಕುವುದು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದರು. 1952ರಲ್ಲಿ ಹುಣಸೂರಿನ ಶಾಸಕರಾದರು. ಅಲ್ಲಿಂದ ಮುಂದಿನ ಹದಿನೈದು ವರ್ಷದ್ದು ಅಂಥ ರೋಚಕ ಕಥೆಯೇನಲ್ಲ. ಮಂತ್ರಿಯಾದರು, ಬಿಟ್ಟರು, ಮತ್ತೆ ಗೆದ್ದರು. ಕಾಂಗ್ರೆಸ್ಸಿನೊಳಗೆ ಎರಡನೆಯ ಸಾಲಿನ ನಾಯಕ. ಮೊದಲ ಸಾಲು ನಿಜಲಿಂಗಪ್ಪನವರದ್ದು, ವೀರೇಂದ್ರ ಪಾಟೀಲರದ್ದು. 1969ರಲ್ಲಿ ಪಕ್ಷ ಒಡೆಯಿತು. ಒಂದು ಕಡೆ ಅಖಿಲ ಭಾರತ ಅಧ್ಯಕ್ಷ ನಿಜಲಿಂಗಪ್ಪ, ಇನ್ನೊಂದು ಕಡೆ ಇಂದಿರಾ ಗಾಂಧಿ. ರಾಜ್ಯದ ದೊಡ್ಡವರೆಲ್ಲ ನಿಜಲಿಂಗಪ್ಪನವರ ಕಡೆ ನಿಂತಾಗ ಇಂದಿರಾ ಕಡೆ ನಿಂತ ಕೆಲವರಲ್ಲಿ ಅರಸು ಒಬ್ಬರು. ಜೂಜು ಅಂತಲೇ ಅನ್ನಿ. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಬಂದವು. 1972ರ ವಿಧಾನಸಭೆಯಲ್ಲಿ 216ರಲ್ಲಿ 165. ಆ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿ.

ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಯ ಒಂದು ಹೋಬಳಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ನಕ್ಷೆಯಲ್ಲಿ ಈ ನಾಲ್ಕೂ ಈಗ ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟಗಳ ಚನ್ನಗಿರಿಯ ಸಾಲವೇ ಬೇರೆ. ಅಲ್ಲಿ ಖೇಣಿದಾರರು ಮುಂಗಡ ಕೊಟ್ಟು ಫಸಲನ್ನು ಮೊದಲೇ ಹಿಡಿಯುತ್ತಾರೆ. ಜಗಳೂರಿನ ಸಾಲ ಬರದ ಸಾಲ. ಕೊರೆಸಿದ ಬೋರ್‌ವೆಲ್‌ಗೆ, ಸೊರಗಿದ ಮೆಕ್ಕೆಜೋಳಕ್ಕೆ. ಹೊನ್ನಾಳಿ, ನ್ಯಾಮತಿಯ ತಾಂಡಾಗಳಲ್ಲಿ ಸಾಲ ಅಂದರೆ ಕಬ್ಬು ಕಡಿಯಲು ಹೋಗುವ ಮೊದಲು ಮೇಸ್ತ್ರಿಯಿಂದ ತೆಗೆದುಕೊಂಡ ಮುಂಗಡ. ತೀರದಿದ್ದರೆ ಮುಂದಿನ ವರ್ಷವೂ ಅವನ ಹಿಂದೆಯೇ ಹೋಗಬೇಕು.

ನಮ್ಮಮ್ಮನ ತವರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. 1972-73ರ ಬರದಲ್ಲಿ ನಮ್ಮಜ್ಜಿ ತನ್ನ ಬೆಂಡೋಲೆಯನ್ನು ಊರ ಸಾಹುಕಾರರ ಹತ್ತಿರ ಇಟ್ಟಿದ್ದರು. ಎಷ್ಟಕ್ಕೆ ಅಂತ ಮನೆಯಲ್ಲಿ ಈಗಲೂ ವಾದವಿದೆ. ಅಜ್ಜಿಯ ಲೆಕ್ಕದಲ್ಲಿ ಅದು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಬೆಂಡೋಲೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಅರಸು ಬಂದ ಕೂಡಲೇ ಮಾಡಿದ ಕೆಲಸ ಭೂಸುಧಾರಣೆ. ಶಿವಮೊಗ್ಗದ ಕಡೆ ಇದಕ್ಕೆ ಹಳೆಯ ಬೇರಿದೆ. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು. ಗೌಡರು 1972ರ ಜೂನ್‌ನಲ್ಲಿ ತೀರಿಕೊಂಡರು, ಅರಸು ಅಧಿಕಾರಕ್ಕೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಸಮಾಜವಾದಿಗಳು ಇಪ್ಪತ್ತು ವರ್ಷ ಕೂಗಿದ್ದನ್ನು ಒಬ್ಬ ಕಾಂಗ್ರೆಸ್ಸಿಗ ಕಾನೂನಾಗಿ ಬರೆಸಿದ. ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಯಂತ್ರವನ್ನು ನೋಡಿ. ನಾನು ಇಂಜಿನಿಯರಿಂಗ್ ಓದಿದವನು, ಕಾನೂನನ್ನೂ ಯಂತ್ರದ ಹಾಗೆಯೇ ನೋಡುವ ಅಭ್ಯಾಸ. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ. ಉಪವಿಭಾಗಾಧಿಕಾರಿ ಅಧ್ಯಕ್ಷ, ಜೊತೆಗೆ ಅಧಿಕಾರಿಗಳಲ್ಲದ ನಾಲ್ವರು, ಅವರಲ್ಲಿ ಒಬ್ಬರು ಪರಿಶಿಷ್ಟರು. ಗೇಣಿದಾರ ಫಾರಂ ನಂಬರ್ 7 ತುಂಬಿ ಹಾಕಿದರೆ ಸಾಕು. ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಎಳೆಯುವಂತಿಲ್ಲ. ಬಲ್ಲಿದನ ದೊಡ್ಡ ಆಯುಧಗಳು ಎರಡು, ವಕೀಲ ಮತ್ತು ಕಾಲ. ಎರಡನ್ನೂ ಅರಸು ಕಿತ್ತುಕೊಂಡರು. ಅದಕ್ಕೇ ಕರ್ನಾಟಕದಲ್ಲಿ ಭೂಸುಧಾರಣೆ ಅಷ್ಟರಮಟ್ಟಿಗಾದರೂ ನಡೆಯಿತು.

ಭೂಮಿ ಕೈಗೆ ಬಂದರೆ ಸಾಲ ಹೋಗಲ್ಲ, ಹೆಚ್ಚುತ್ತದೆ. ಗೇಣಿದಾರನಾಗಿದ್ದಾಗ ಒಡೆಯನೇ ಬೀಜಕ್ಕೆ ಕೊಡುತ್ತಿದ್ದ, ಅವನೇ ಹಬ್ಬಕ್ಕೆ ಕೊಡುತ್ತಿದ್ದ, ಕಣದಲ್ಲಿ ಹಿಡಿದುಕೊಳ್ಳುತ್ತಿದ್ದ. ಈಗ ಒಡೆಯ ಶತ್ರು. ಹೊಸ ರೈತ ಹೋಗಬೇಕಾದದ್ದು ಸಾಹುಕಾರನ ಹತ್ತಿರ. ಕೊಟ್ಟ ಭೂಮಿ ಬಡ್ಡಿಯಲ್ಲಿ ಮತ್ತೆ ಕೈತಪ್ಪುವ ಅಪಾಯ ಕಣ್ಣಿಗೆ ಕಾಣುತ್ತಿತ್ತು. 1976ರ ಕಾಯ್ದೆ ಬರಲು ನಿಜವಾದ ಕಾರಣ ಇದು ಅಂತ ನನ್ನ ಓದು.

ದೆಹಲಿಯ ಕಾರಣ ಬೇರೆ ಇತ್ತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ, ಜುಲೈ 1ಕ್ಕೆ ಇಂದಿರಾ ಗಾಂಧಿಯವರ 20 ಅಂಶಗಳ ಕಾರ್ಯಕ್ರಮ. ಅದರಲ್ಲಿ ಗ್ರಾಮೀಣ ಸಾಲದಿಂದ ಬಿಡುಗಡೆಯೂ ಒಂದು, ಜೀತ ಪದ್ಧತಿ ರದ್ದತಿಯೂ ಒಂದು. ಹಲವು ರಾಜ್ಯಗಳು ಋಣ ಪರಿಹಾರದ ಕಾನೂನು ಮಾಡಿದವು. ಬೇರೆ ಕಡೆ ಎಷ್ಟೋ ಅಂಶಗಳು ಗೋಡೆ ಬರಹವಾಗಿಯೇ ಉಳಿದವು. ಅರಸು ಮಾತ್ರ ಅದನ್ನು ತಮ್ಮ ಭೂಸುಧಾರಣೆಗೆ ಬೇಕಾದ ಇನ್ನೊಂದು ಗಾಲಿ ಮಾಡಿಕೊಂಡರು.

ಕಾಯ್ದೆಯಲ್ಲಿ ಏನಿತ್ತು? ಸಣ್ಣ ರೈತ, ಭೂಮಿಯಿಲ್ಲದ ಕೃಷಿ ಕೂಲಿ, ವರಮಾನ ಕಡಿಮೆ ಇರುವ ದುರ್ಬಲ ವರ್ಗದವರು, ಈ ಮೂವರು ಕಾಯ್ದೆಗೆ ಮೊದಲು ಖಾಸಗಿಯಾಗಿ ಮಾಡಿದ ಸಾಲ, ಬಡ್ಡಿ ಸಮೇತ, ಪೂರ್ತಿ ತೀರಿದೆ ಎಂದೇ ಲೆಕ್ಕ. ಕೋರ್ಟು ಇಂಥ ಸಾಲದ ದಾವೆ ತೆಗೆದುಕೊಳ್ಳುವಂತಿಲ್ಲ. ಅಡವಿಟ್ಟ ಒಡವೆ, ಪಾತ್ರೆ ವಾಪಸ್ ಕೊಡಬೇಕು. ಕೊಡದಿದ್ದರೆ ಸಾಲಗಾರ ಅಧಿಕಾರಿಯ ಹತ್ತಿರ ಹೋಗಬಹುದು. ಇಂಥದ್ದೇ ಮಹಾರಾಷ್ಟ್ರದ ಕಾನೂನನ್ನು ಲೇವಾದೇವಿಗಾರರು ಸುಪ್ರೀಂ ಕೋರ್ಟಿಗೆ ಒಯ್ದರು. 1977ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಕಾನೂನನ್ನು ಎತ್ತಿಹಿಡಿಯಿತು.

ಆದರೆ ಕಾಯ್ದೆಗೆ ಒಂದು ಬಾಗಿಲಿತ್ತು. ಬ್ಯಾಂಕು, ಸಹಕಾರ ಸಂಘ, ಸರ್ಕಾರದ ಸಾಲ ಇದಕ್ಕೆ ಸೇರುತ್ತಿರಲಿಲ್ಲ.

ಅವತ್ತಿಗೆ ಅದು ಸರಿಯಾಗಿಯೇ ಇತ್ತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ಅದರಲ್ಲಿ ಎರಡು, ಕೆನರಾ ಮತ್ತು ಸಿಂಡಿಕೇಟ್, ನಮ್ಮವೇ. 1975ರ ಅಕ್ಟೋಬರ್‌ನಿಂದ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಶುರುವಾದವು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಬಂತು. ಬ್ಯಾಂಕ್ ಅಂದರೆ ಸರ್ಕಾರ. ಬಡ್ಡಿ ದರವನ್ನು ರಿಸರ್ವ್ ಬ್ಯಾಂಕ್ ನಿಗದಿ ಮಾಡುತ್ತಿತ್ತು. ಸಾಹುಕಾರನ ಬಾಗಿಲು ಮುಚ್ಚಿಸಿ ಬ್ಯಾಂಕಿನ ಬಾಗಿಲು ತೆರೆಯುವುದು, ಇದು ಅರಸು ಕಾಲದ ಲೆಕ್ಕ. ಬ್ಯಾಂಕೇ ಒಂದು ದಿನ ಸಾಹುಕಾರನ ದರಕ್ಕೆ ಬರಬಹುದು ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ.

ಬೆಂಡೋಲೆಯ ವಿಷಯ. ಅಜ್ಜಿಗೆ ಅದು ವಾಪಸ್ ಬರಲಿಲ್ಲ. ಕಾನೂನು ಬಂದಿದೆಯಂತೆ ಅಂತ ಊರಲ್ಲಿ ಸುದ್ದಿ ಹಬ್ಬಿತು, ತಾತ ಸಾಹುಕಾರರ ಮನೆಗೂ ಹೋದರು. ಚೀಟಿ ಎಲ್ಲಿ ಅಂತ ಅವರು ಕೇಳಿದರು. ಚೀಟಿ ಯಾವತ್ತೂ ಕೊಟ್ಟಿರಲಿಲ್ಲ. ಅಧಿಕಾರಿಗೆ ಅರ್ಜಿ ಹಾಕಬಹುದಿತ್ತು. ತಾತ ಹಾಕಲಿಲ್ಲ, ಯಾಕೆಂದರೆ ಮುಂದಿನ ಮುಂಗಾರಿಗೆ ಗೊಬ್ಬರದ ದುಡ್ಡು ಬೇರೆ ಯಾರು ಕೊಡುತ್ತಾರೆ? ಸೊಸೈಟಿಯಲ್ಲಿ ಅವರಿಗೆ ಷೇರು ಇರಲಿಲ್ಲ. ಬ್ಯಾಂಕ್ ಎಂಟು ಮೈಲಿ ದೂರ, ಅಲ್ಲಿ ಮೇನೇಜರ್ ಪಹಣಿ ಕೇಳುತ್ತಿದ್ದರು. ಅದೇ ಊರಿನ ಇನ್ನೊಬ್ಬರಿಗೆ ಎರಡು ತಪ್ಪಲೆ, ಒಂದು ಕೊಪ್ಪರಿಗೆ ವಾಪಸ್ ಬಂದವಂತೆ. ಅವರ ಮಗ ಹೈಸ್ಕೂಲ್ ಓದಿದ್ದ, ಅರ್ಜಿ ಬರೆಯುತ್ತೇನೆ ಅಂತ ಹೆದರಿಸಿದ್ದ. ನನಗೆ ಈ ಎರಡೂ ಸಂಗತಿ ಬೇಕು. ಅರಸು ಅಭಿಮಾನಿಗಳು ಎರಡನೆಯದನ್ನು ಮಾತ್ರ ಹೇಳುತ್ತಾರೆ, ಸಾಲಮನ್ನಾ ಅಂದರೆ ಮೂಗು ಮುರಿಯುವ ಅರ್ಥಶಾಸ್ತ್ರಜ್ಞರು ಮೊದಲನೆಯದನ್ನು ಮಾತ್ರ.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಈ ಕಾಯ್ದೆ ಬಂದಾಗ ವಿರೋಧ ಪಕ್ಷದವರು ಜೈಲಿನಲ್ಲಿದ್ದರು. ಜೆ.ಎಚ್. ಪಟೇಲರೂ ಜೈಲು ಕಂಡರು. ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ನರಳಿದ ನಟಿ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗಲೂ ಮುಖ್ಯಮಂತ್ರಿ ಇದೇ ಅರಸು. ಬಡವನ ಒಡವೆ ಬಿಡಿಸಿದ ಸಹಿ ಮತ್ತು ಆ ಜೈಲಿನ ಬೀಗ ಒಂದೇ ಸರ್ಕಾರದವು. ಉತ್ತರ ಭಾರತದ ಬೇರೆ ಮುಖ್ಯಮಂತ್ರಿಗಳಿಗೆ ಹೋಲಿಸಿದರೆ ಅರಸು ಮೆತ್ತಗಿದ್ದರು ಅನ್ನುವ ಸಮಜಾಯಿಷಿ ನಾನೂ ಕೇಳಿದ್ದೇನೆ. ಸ್ನೇಹಲತಾ ವಿಷಯದಲ್ಲಿ ಅದು ಯಾವ ಕೆಲಸಕ್ಕೂ ಬರಲ್ಲ.

ಜನ ಏನು ಮಾಡಿದರು? 1977ರಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಧೂಳೀಪಟವಾಯಿತು, ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಕೇಂದ್ರದ ಜನತಾ ಸರ್ಕಾರ ಅರಸು ಮೇಲೆ ಗ್ರೋವರ್ ಆಯೋಗ ಹಾಕಿತು. ಸ್ವಜನಪಕ್ಷಪಾತದ ಕೆಲವು ಆರೋಪಗಳಲ್ಲಿ ಹುರುಳಿದೆ ಎಂದಿತು ಆಯೋಗ. ಅದೂ ದಾಖಲೆಯಲ್ಲಿದೆ, ಅಳಿಸುವಂತಿಲ್ಲ. 1977ರ ಡಿಸೆಂಬರ್ 31ಕ್ಕೆ ಸರ್ಕಾರ ಹೋಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಅರಸು ಮತ್ತೆ ಬಂದರು. ಅದೇ ಚುನಾವಣೆಯಲ್ಲಿ ಚನ್ನಗಿರಿಯವರು ಜೆ.ಎಚ್. ಪಟೇಲರನ್ನು ಗೆಲ್ಲಿಸಿ ಕಳಿಸಿದ್ದರು ಅನ್ನುವುದನ್ನೂ ಹೇಳಬೇಕು. ಅರಸು ಅಲೆ ಎಲ್ಲ ಕಡೆ ಒಂದೇ ಎತ್ತರ ಇರಲಿಲ್ಲ.

ಈ ಎರಡನೆಯ ಅವಧಿಯ ಒಂದು ಸಂಗತಿ ನನಗೆ ತಮಾಷೆಯಾಗಿ ಕಾಣುತ್ತದೆ. ಋಣ ಪರಿಹಾರ ಕಾಯ್ದೆ ಬಂದ 1976ರಲ್ಲೇ ಅರಸು ಸರ್ಕಾರ ಕಿಯೋನಿಕ್ಸ್ ಸ್ಥಾಪಿಸಿತ್ತು. ಆರ್.ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ಸ್ ಸಿಟಿ 1978ರಲ್ಲಿ ಶುರುವಾಯಿತು. ಮೂವತ್ತು ವರ್ಷದ ನಂತರ ಅದೇ ಎಲೆಕ್ಟ್ರಾನಿಕ್ಸ್ ಸಿಟಿಯ ಒಂದು ಕಂಪನಿಯ ಕ್ಯಾಂಟೀನ್ ಬಾಗಿಲಲ್ಲಿ, ಮೊದಲ ಸಂಬಳ ಎಣಿಸುತ್ತಿದ್ದ ನನಗೆ ಟೈ ಕಟ್ಟಿದ ಒಬ್ಬ ಹುಡುಗ ಕ್ರೆಡಿಟ್ ಕಾರ್ಡ್ ಮಾರಿದ. ಜೀವನಪೂರ್ತಿ ಫ್ರೀ ಅಂದ. ಫ್ರೀ ಏನೋ ಹೌದು.

ಅಪ್ಪನ ಆಪರೇಷನ್ನಿಗೆ ಅದರಲ್ಲಿ 50,000 ಎಳೆದೆ. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ, ಪೂರ್ತಿ ಬಾಕಿ ಮತ್ತು ಕನಿಷ್ಠ ಬಾಕಿ. ಕನಿಷ್ಠ ಕಟ್ಟಿದರೆ ಸಾಕು ಅಂದುಕೊಂಡೆ. ಈಗಿನ ದರದಲ್ಲಿ ಆ ಲೆಕ್ಕ ಹೀಗಾಗುತ್ತದೆ. ತಿಂಗಳಿಗೆ ಶೇ 3.75 ಬಡ್ಡಿ ಅಂದರೆ 50,000ಕ್ಕೆ 1,875 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 337. ತಿಂಗಳಿಗೆ 2,500 ಕಟ್ಟಿದರೆ ಮೊದಲ ತಿಂಗಳು ಅಸಲಿನಲ್ಲಿ ಇಳಿಯುವುದು 288 ರೂಪಾಯಿ. ಹೀಗೇ 2,500 ಕಟ್ಟುತ್ತ ಹೋದರೆ, ಮತ್ತೆ ಕಾರ್ಡ್ ಮುಟ್ಟದೇ ಇದ್ದರೆ, ತೀರುವುದು 50 ತಿಂಗಳಿಗೆ. ಕಟ್ಟಿದ ಒಟ್ಟು ಮೊತ್ತ 1,25,000. ನಾಲ್ಕು ವರ್ಷ ಇಂಜಿನಿಯರಿಂಗ್ ಗಣಿತ ಓದಿದ ನಾನು ಈ ಲೆಕ್ಕ ಹಾಕಿದ್ದು ಎರಡು ವರ್ಷ ಕಟ್ಟಿದ ಮೇಲೆ. ಅಜ್ಜಿ ಮೂರು ರೂಪಾಯಿ ಬಡ್ಡಿ ಅಂತ ಬೆರಳಲ್ಲೇ ಎಣಿಸುತ್ತಿದ್ದರು, ನನ್ನದು ಮೂರೂಮುಕ್ಕಾಲು. ಮನೆಯಲ್ಲಿ ನಾನೇ ಓದಿದವನು.

ಈಗ ಕಾನೂನು ನೋಡಿ. ಕರ್ನಾಟಕದಲ್ಲಿ ಲೇವಾದೇವಿಗಾರರ ಕಾಯ್ದೆ 1961ರದ್ದು. ಅದರಡಿ ಪರವಾನಗಿ ಪಡೆದವನು ವರ್ಷಕ್ಕೆ ಅಡವಿನ ಸಾಲಕ್ಕೆ ಶೇ 14, ಅಡವಿಲ್ಲದ್ದಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಮೀರಿದವರಿಗೆ ಶಿಕ್ಷೆಯಾಗಲಿ ಅಂತ 2004ರಲ್ಲಿ ಇನ್ನೊಂದು ಕಾಯ್ದೆಯೂ ಬಂತು. ಅಂದರೆ ಜಗಳೂರು ಬಸ್ ಸ್ಟ್ಯಾಂಡಿನ ಪಕ್ಕದ ಫೈನಾನ್ಸ್‌ನವನು ನೂರಕ್ಕೆ ಮೂರೂಮುಕ್ಕಾಲು ತಗೊಂಡರೆ ಪೊಲೀಸರು ಬರಬಹುದು. ಅದೇ ಮೂರೂಮುಕ್ಕಾಲನ್ನು ಗಾಜಿನ ಕಟ್ಟಡದ ಬ್ಯಾಂಕ್ ತಗೊಂಡರೆ ಅದು ನಿಯಮಾವಳಿ. ವರ್ಷಕ್ಕೆ ಶೇ 45.

ಇದನ್ನು ಯಾರೂ ಪ್ರಶ್ನಿಸಿಲ್ಲ ಅಂತಲ್ಲ. ಒಂದು ಗ್ರಾಹಕ ಸಂಘಟನೆಯ ದೂರಿನ ಮೇಲೆ 2008ರ ಜುಲೈನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದಿತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. ಹದಿನಾರು ವರ್ಷ ಕಳೆದು 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ದರ ಎಷ್ಟಿರಬೇಕು ಅನ್ನುವುದು ಗ್ರಾಹಕ ಆಯೋಗದ ಕೆಲಸವಲ್ಲ, ಅದು ರಿಸರ್ವ್ ಬ್ಯಾಂಕಿನ ಕ್ಷೇತ್ರ. ಗ್ರಾಹಕರು ಷರತ್ತು ಓದಿಯೇ ಕಾರ್ಡ್ ತಗೊಂಡಿರುತ್ತಾರೆ. ತೀರ್ಪಿನ ಸಾರ ಇದು. ಅದರ ಹಿಂದಿನ ಕಂಬ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಕಲಂ 21ಎ. ಬ್ಯಾಂಕಿನ ಬಡ್ಡಿ ವಿಪರೀತ ಅನ್ನುವ ಕಾರಣಕ್ಕೆ ಯಾವ ಕೋರ್ಟೂ ಆ ಸಾಲದ ಲೆಕ್ಕ ಮತ್ತೆ ತೆರೆಯುವಂತಿಲ್ಲ ಎನ್ನುತ್ತದೆ ಅದು.

ಈ 21ಎ ಜಾರಿಗೆ ಬಂದದ್ದು 1984ರ ಫೆಬ್ರವರಿಯಲ್ಲಿ. ಆ ದಿನಾಂಕ ಮುಖ್ಯ. ಅವತ್ತಿಗೆ ಬಡ್ಡಿ ದರವನ್ನು ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. ದೊಡ್ಡ ಬ್ಯಾಂಕುಗಳೆಲ್ಲ ಸರ್ಕಾರದವು. ಆಗ ಕೋರ್ಟು ದೂರ ಇರಲಿ ಅನ್ನುವುದರಲ್ಲಿ ಒಂದು ತರ್ಕವಿತ್ತು, ಯಾಕೆಂದರೆ ಕಾಯುವವರು ಬೇರೆ ಒಬ್ಬರಿದ್ದರು. 1994ರ ಅಕ್ಟೋಬರ್‌ನಲ್ಲಿ 2 ಲಕ್ಷಕ್ಕಿಂತ ಹೆಚ್ಚಿನ ಸಾಲದ ದರವನ್ನು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೇ ಬಿಟ್ಟಿತು, ಮುಂದೆ ಉಳಿದದ್ದನ್ನೂ ಬಿಡುತ್ತ ಬಂತು. 2022ರಲ್ಲಿ ಮೈಕ್ರೋಫೈನಾನ್ಸ್‌ಗಿದ್ದ ಮಿತಿಯನ್ನೂ ತೆಗೆಯಿತು. ಈಗ ಅದು ಹೇಳುವುದು ಇಷ್ಟೇ: ದರ ವಿಪರೀತ ಇರಬಾರದು, ನಿಮ್ಮ ಆಡಳಿತ ಮಂಡಳಿಯೇ ನೀತಿ ಮಾಡಿಕೊಳ್ಳಲಿ. ಕಾವಲುಗಾರ ಎದ್ದುಹೋದ, ಕೋರ್ಟಿಗೆ ಹಾಕಿದ್ದ ಬೇಲಿ ಮಾತ್ರ ಹಾಗೇ ಇದೆ. 2024ರ ಅಕ್ಟೋಬರ್‌ನಲ್ಲಿ ದರ ಅತಿಯಾಯಿತು ಅಂತ ನಾಲ್ಕು ಕಂಪನಿಗಳಿಗೆ ಹೊಸ ಸಾಲ ಕೊಡದಂತೆ ರಿಸರ್ವ್ ಬ್ಯಾಂಕ್ ತಡೆ ಹಾಕಿತು ನಿಜ. ಮನಸ್ಸು ಮಾಡಿದರೆ ಆಗುತ್ತದೆ ಅಂತ ಅದರಿಂದ ಗೊತ್ತಾಯಿತು, ಹಾಗಾದರೆ ಕಾರ್ಡಿಗೆ ಯಾಕಿಲ್ಲ ಅನ್ನುವುದು ಗೊತ್ತಾಗಲಿಲ್ಲ.

ಕಾರ್ಡ್ ಸಾಲಕ್ಕೆ ಅಡವಿಲ್ಲ, ಮುಳುಗುವ ಅಪಾಯ ಹೆಚ್ಚು, ಅದಕ್ಕೇ ದರ ಹೆಚ್ಚು ಅನ್ನುವ ವಾದವನ್ನು ನಾನು ತಳ್ಳಿಹಾಕಲ್ಲ. ಪೂರ್ತಿ ಬಾಕಿ ಸಮಯಕ್ಕೆ ಕಟ್ಟುವವನಿಗೆ ಬಡ್ಡಿಯೇ ಇಲ್ಲ ಅನ್ನುವುದೂ ಸರಿ. ಆದರೆ ಸಾಹುಕಾರನೂ ಅದನ್ನೇ ಹೇಳುತ್ತಿದ್ದ. ಬರ ಬಂದರೆ ನನ್ನ ದುಡ್ಡು ಮುಳುಗುತ್ತದೆ, ಅದಕ್ಕೇ ಮೂರು ರೂಪಾಯಿ ಅಂತ. ಅವನ ವಾದ ಅರಸು ಸರ್ಕಾರಕ್ಕೂ ಗೊತ್ತಿತ್ತು, ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಅಪಾಯವಿದೆ ಅಂತ ಒಪ್ಪಿಕೊಂಡೂ ಎಲ್ಲೋ ಒಂದು ಗೆರೆ ಎಳೆಯಬಹುದು ಅಂತ ಆಗ ತೀರ್ಮಾನವಾಯಿತು.

ಅರಸು ನಂತರವೂ ರಾಜ್ಯ ಸರ್ಕಾರಗಳು ಅವರ ಕಾಯ್ದೆಯನ್ನು ಮತ್ತೆ ಬರೆಯಲು ಹೋದವು. 2018ರ ಋಣ ಪರಿಹಾರ ಕಾಯ್ದೆಗೆ 2019ರ ಜುಲೈನಲ್ಲಿ ರಾಷ್ಟ್ರಪತಿಗಳ ಅಂಕಿತ ಬಂತು. ವಿಶ್ವಾಸಮತ ಸೋತ ಮರುದಿನ ಕುಮಾರಸ್ವಾಮಿ ಅದನ್ನು ಪ್ರಕಟಿಸಿದರು. ವರ್ಷಕ್ಕೆ 1.2 ಲಕ್ಷದೊಳಗೆ ವರಮಾನದವರು 90 ದಿನದಲ್ಲಿ ಅರ್ಜಿ ಹಾಕಬೇಕಿತ್ತು. ಉಪವಿಭಾಗಾಧಿಕಾರಿ ಕಚೇರಿಗಳ ಮುಂದೆ ಹೆಂಗಸರ ಸಾಲು. ಕೈಯಲ್ಲಿ ಮೈಕ್ರೋಫೈನಾನ್ಸ್ ಕಂತಿನ ಪುಸ್ತಕ. ಅವರಿಗೆ ಸಿಕ್ಕ ಉತ್ತರ: ಇದು ಬ್ಯಾಂಕಿಗೆ, ಸಹಕಾರ ಸಂಘಕ್ಕೆ, ಆರ್‌ಬಿಐ ನೋಂದಾಯಿತ ಕಂಪನಿಗಳಿಗೆ ಅನ್ವಯಿಸಲ್ಲಮ್ಮ. 2025ರ ಫೆಬ್ರವರಿಯ ಸುಗ್ರೀವಾಜ್ಞೆಯದ್ದೂ ಅದೇ ಕಥೆ. ಕಿರುಕುಳಕ್ಕೆ ಹತ್ತು ವರ್ಷ ಜೈಲು, 5 ಲಕ್ಷ ದಂಡ ಅಂತ ಗುಡುಗಿತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಮತ್ತೆ ಸಹಿ ಹಾಕಿದರು. ಅದರಲ್ಲೂ ಆರ್‌ಬಿಐ ನೋಂದಾಯಿತರು ಹೊರಗೆ. ರಾಜ್ಯಕ್ಕೆ ಬೇರೆ ದಾರಿಯೂ ಇಲ್ಲ, ಬ್ಯಾಂಕಿಂಗ್ ಕೇಂದ್ರದ ಪಟ್ಟಿಯಲ್ಲಿದೆ. 1976ರ ಆ ಬಾಗಿಲಿನಲ್ಲೇ ಈಗ ಊರೆಲ್ಲ ನಡೆದುಹೋಗುತ್ತಿದೆ.

ಇದಕ್ಕೆ ಬೇರೆ ದಾರಿಯನ್ನು ತೋರಿಸಿದ್ದೂ ಕರ್ನಾಟಕದಿಂದ ಹೋದ ಒಂದು ಕೇಸೇ. ಕಾರ್ಪೊರೇಷನ್ ಬ್ಯಾಂಕ್ ವಿರುದ್ಧ ಡಿ.ಎಸ್. ಗೌಡ, 1994. ಅಲ್ಲೂ 21ಎ ಎದುರಿಗಿತ್ತು. ಆದರೂ ಸುಪ್ರೀಂ ಕೋರ್ಟ್, ರೈತನಿಗೆ ದುಡ್ಡು ಬರುವುದು ಫಸಲಿನ ಹೊತ್ತಿಗೆ, ಹಾಗಾಗಿ ಬೇಸಾಯದ ಸಾಲಕ್ಕೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುವಂತಿಲ್ಲ, ರಿಸರ್ವ್ ಬ್ಯಾಂಕಿನ ಸುತ್ತೋಲೆ ಬ್ಯಾಂಕುಗಳನ್ನು ಕಟ್ಟಿಹಾಕುತ್ತದೆ ಎಂದಿತು. ಅಂದರೆ ರಿಸರ್ವ್ ಬ್ಯಾಂಕ್ ಒಂದು ಅಂಕಿ ಬರೆದರೆ ಸಾಕು, ಕೋರ್ಟು ಅದನ್ನು ಕಾಯುತ್ತದೆ. ಆ ಅಂಕಿ ಬರೆಸುವುದು ರಾಜಕೀಯದ ಕೆಲಸ. ವಕೀಲರ ಕೆಲಸವಲ್ಲ.

ಅರಸು ಕೊನೆಗೆ ಸೋತರು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿ ಮತ್ತೆ ಸಂಸತ್ತಿಗೆ ಕಳಿಸಿದವರು, 1979ರ ಜೂನ್‌ನಲ್ಲಿ ಅವರಿಂದಲೇ ಉಚ್ಚಾಟನೆಗೊಂಡರು. ಸ್ವಂತ ಕಾಂಗ್ರೆಸ್ ಕಟ್ಟಿದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಫಾರಂ 7 ಹಾಕಿದವರ ಮನೆಗಳೂ ಆ ಲೆಕ್ಕದಲ್ಲಿ ಇದ್ದವು. ಅದೇ ತಿಂಗಳು ರಾಜೀನಾಮೆ ಕೊಟ್ಟರು. ಗುಂಡೂರಾವ್ ಬಂದರು. 1982ರ ಜೂನ್ 6ರಂದು ಅರಸು ತೀರಿಕೊಂಡರು, 66 ವರ್ಷ. ಕಲಂ 21ಎ ಜಾರಿಗೆ ಬರಲು ಆಗ ಇನ್ನೂ ಇಪ್ಪತ್ತು ತಿಂಗಳಿತ್ತು.

ನಮ್ಮಜ್ಜಿ ಅರಸು ಫೋಟೋವನ್ನು ದೇವರ ಮನೆಯಲ್ಲಿ ಇಟ್ಟುಕೊಂಡವರಲ್ಲ. ಭೂಮಿ ಅವರಿಗೆ ಬಂದಿರಲಿಲ್ಲ, ಬೆಂಡೋಲೆಯೂ ಬರಲಿಲ್ಲ. ಆದರೆ ಆ ವರ್ಷದ ನಂತರ ಸಾಹುಕಾರರು ಪ್ರತಿಯೊಂದಕ್ಕೂ ಚೀಟಿ ಬರೆದು ಕೊಡಲು ಶುರು ಮಾಡಿದರಂತೆ, ಇಲ್ಲದಿದ್ದರೆ ಯಾರಾದರೂ ಅರ್ಜಿ ಹಾಕುತ್ತಾರೆ ಅನ್ನುವ ಭಯಕ್ಕೆ. ಬಡ್ಡಿ ಎರಡು ರೂಪಾಯಿಗೆ ಇಳಿಯಿತು. ಕಳೆದ ವರ್ಷ ನನ್ನ ಹಳೆಯ ಕಾರ್ಡ್ ಸ್ಟೇಟ್‌ಮೆಂಟುಗಳನ್ನು ಅಮ್ಮನಿಗೆ ತೋರಿಸಿ ಈ ಲೆಕ್ಕವನ್ನೆಲ್ಲ ಹೇಳಿದೆ. ಅಮ್ಮ ಅಂಕಿಗಳನ್ನು ಬಿಟ್ಟು ಒಂದೇ ಪ್ರಶ್ನೆ ಕೇಳಿದರು, ಇವರ ಮೇಲೆ ಅರ್ಜಿ ಹಾಕಬೇಕು ಅಂದರೆ ಯಾವ ಆಫೀಸಿಗೆ ಹೋಗಬೇಕು ಅಂತ. ದಾವಣಗೆರೆಯಲ್ಲಿ ಅಂಥ ಆಫೀಸ್ ಇಲ್ಲಮ್ಮ, ಆನ್‌ಲೈನ್‌ನಲ್ಲಿ ಒಂಬುಡ್ಸ್‌ಮನ್‌ಗೆ ಬರೆಯಬೇಕು, ಅವರೂ ದರದ ವಿಷಯ ತಗೊಳ್ಳಲ್ಲ ಅಂದೆ.